ನನ್ನ ಬಿಸಿಲು, ಭಾವನ ಪಾವು

ನಮ್ಮ ವಂಶದಲ್ಲಿ ಆಕಾಶಕ್ಕೆ ನನ್ನಷ್ಟು ಹತ್ತಿರ ಹೋದವರು ಇನ್ನೊಬ್ಬರಿಲ್ಲ. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಬಾಳಿದವರು. ನಾನೊಬ್ಬನೇ ಬೆಟ್ಟದ ನೆತ್ತಿ ಹತ್ತಿದವನು. ಎಂಬತ್ತರ ದಶಕದ ಮಾತು. ಪೊಳ್ಳಾಚಿಯಿಂದ ಘಾಟಿ ಹತ್ತಿ, ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಇಳಿದು, ಇನ್ನೂ ಸ್ವಲ್ಪ ಏದುಸಿರು ಬಿಟ್ಟರೆ ಸಿಗುವ ಹವಾಮಾನ ಕೇಂದ್ರದಲ್ಲಿ ನನಗೆ ಕೆಲಸ. ಸಿಂಗಾನಲ್ಲೂರಿನಲ್ಲಿದ್ದ ನನ್ನ ಅಮ್ಮ ಬಂದವರಿಗೆಲ್ಲ, "ನನ್ನ ಮಗ ಮಳೆ ಆಫೀಸರು" ಎಂದು ಹೇಳುತ್ತಿದ್ದಳು. ಕೇಳಿದವರು ಕೈ ಮುಗಿಯುತ್ತಿದ್ದರು. ನಾನು ತಿದ್ದಲಿಲ್ಲ.

ನಿಜ ಹೇಳಬೇಕೆಂದರೆ ನಾನು ಆಫೀಸರನೂ ಅಲ್ಲ, ಮಳೆ ನನ್ನ ಮಾತು ಕೇಳುತ್ತಲೂ ಇರಲಿಲ್ಲ. ಗಾಳಿ ಎಷ್ಟು ಬೀಸಿತು, ಮಳೆ ಎಷ್ಟು ಬಿತ್ತು, ಬಿಸಿಲು ಎಷ್ಟು ಹೊತ್ತು ಇತ್ತು ಎಂದು ಅಳೆದು, ವೈರ್‌ಲೆಸ್ಸಿನಲ್ಲಿ ದೊಡ್ಡ ಕಚೇರಿಗೆ ಒಪ್ಪಿಸುವುದಷ್ಟೇ ನನ್ನ ಕೆಲಸ. ಬಿದ್ದ ಮಳೆ ನನ್ನ ಪಾಲು. ಬೀಳಲಿರುವ ಮಳೆ ದೊಡ್ಡವರ ಪಾಲು. ಮೈಯೆಲ್ಲ ಒದ್ದೆಯಾದ ಮೇಲೆ "ಮಳೆ ಬಂತು" ಎಂದು ಹೇಳುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು!

ನನ್ನ ಹೆಂಡತಿ ರಾಜಮ್ಮ ಆ ಬೆಟ್ಟದ ಮೇಲೆ ಸಂಸಾರ ಮಾಡಿದ್ದೇ ಒಂದು ಸಾಹಸ. ಒಗೆದ ಬಟ್ಟೆ ಒಣಗುತ್ತಿರಲಿಲ್ಲ. ಹಪ್ಪಳ ಕರಿದ ಮರುಗಳಿಗೆಗೆ ಚಪಾತಿಯಾಗುತ್ತಿತ್ತು. ಬೆಂಕಿಪೊಟ್ಟಣವನ್ನು ಅಕ್ಕಿಯೊಳಗೆ ಹುಗಿದಿಡಬೇಕು, ನೀರಾದ ಉಪ್ಪನ್ನು ಚಮಚದ ಬದಲು ಲೋಟದಲ್ಲಿ ಸುರಿಯಬೇಕು. ಮಂಜು ಹೇಳದೆ ಕೇಳದೆ ಅಡುಗೆಮನೆಗೆ ಬಂದು ಕೂರುತ್ತಿತ್ತು. ನಾನೋ, ಗಾಳಿಗೆ ಹೆಂಚು ಹಾರೀತೇ, ಸಿಡಿಲು ಗಾಳಿಕಂಬಕ್ಕೇ ಬಡಿದೀತೇ, ಚಿರತೆ ಮಳೆ ಅಳೆಯುವ ಪಾತ್ರೆಯಲ್ಲಿ ನೀರು ಕುಡಿದು ಸರ್ಕಾರದ ಲೆಕ್ಕ ತಪ್ಪಿಸೀತೇ ಎಂದು ಸದಾ ಚಿಂತಿಸುತ್ತಿದ್ದೆ. ಚಿಂತೆ ನಮ್ಮ ಕುಲಕಸುಬಲ್ಲ. ಆದರೂ ನನಗೆ ಮಾತ್ರ ಚೆನ್ನಾಗಿ ಕೈಹಿಡಿದಿತ್ತು.

ಹೀಗಿರುವಾಗ ಒಂದು ದಿನ ರಾಜಮ್ಮನ ಅಣ್ಣ ನಂಜಪ್ಪ ಭಾವ ಬೆಟ್ಟ ಹತ್ತಿ ಬಂದರು. ಪೊಳ್ಳಾಚಿ ಬಳಿಯ ಒಂದು ನೇಕಾರರ ಊರಿನಲ್ಲಿ ಅವರ ಮಗ್ಗ. ಊಟ ಮುಗಿಸಿ ಹೊರಗೆ ನಿಂತು ಆಕಾಶವನ್ನೂ ನನ್ನನ್ನೂ ಒಂದೇ ಭಕ್ತಿಯಿಂದ ನೋಡಿದರು.

"ಮಾಪ್ಳೆ, ಇಷ್ಟು ಎತ್ತರದಲ್ಲಿ ಕುಂತಿದೀರ. ನಮ್ಗೆ ಒಂದು ಸೇದಿ ಹೇಳ್ಬಾರ್ದಾ? ಪಾವು ಹಾಕೋ ದಿನ ಮಳೆ ಬಂದ್ರೆ ನಾವು ಸತ್ತೋ."

ಮಾಪ್ಳೆ ಎಂದರೆ ತಂಗಿಯ ಗಂಡ, ಸೇದಿ ಎಂದರೆ ಸುದ್ದಿ, ಪಾವು ಎಂದರೆ ಸೀರೆಯ ಉದ್ದಕ್ಕೆ ಓಡುವ ಹಾಸುನೂಲು. ಅದನ್ನು ಮಗ್ಗಕ್ಕೆ ಏರಿಸುವ ಮೊದಲು ಬೆಳಿಗ್ಗೆ ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಬಳಿದು, ಎಳೆ ಎಳೆ ಬಿಡಿಸಿ ಒಣಗಿಸಬೇಕು. ಗಂಜಿ ಹಸಿಯಿರುವಾಗ ನಾಲ್ಕು ಹನಿ ಬಿದ್ದರೂ ಮುಗಿಯಿತು. ನೂಲೆಲ್ಲ ಒಂದಕ್ಕೊಂದು ಅಂಟಿಕೊಂಡು ಜಡೆಯಾಗುತ್ತದೆ.

ಇದನ್ನೆಲ್ಲ ಬಲ್ಲ ನಾನು, ಭವಿಷ್ಯ ಹೇಳುವುದು ನನ್ನ ಕೆಲಸವಲ್ಲ ಎನ್ನಬೇಕಿತ್ತು. ಬದಲಿಗೆ ಎದೆಯುಬ್ಬಿಸಿ, "ಅದಕ್ಕೇನು ಭಾವ!" ಎಂದೆ.

ಊರಿನಲ್ಲಿ ಫೋನಿಲ್ಲ. ಬೆಟ್ಟದಿಂದ ಇಳಿಯುವ ಬೆಳಗಿನ ಮೊದಲ ಬಸ್ಸು ಅವರ ಬೀದಿಯ ಮೂಲೆಯಲ್ಲೇ ಹಾದುಹೋಗುತ್ತಿತ್ತು. ಡ್ರೈವರ್ ಪಳನಿಸಾಮಿ ನನಗೆ ಸ್ನೇಹಿತ. ಬಿಸಿಲಿನ ದಿನ ಬಸ್ಸಿನ ಮುಂದೆ ಒಂದು ಬಿಳಿ ಟವೆಲು ಕಟ್ಟುವುದು, ಇಲ್ಲದಿದ್ದರೆ ಏನೂ ಇಲ್ಲ ಎಂದು ಮಾತಾಯಿತು. ಅದು ಬೇಸಿಗೆಯ ಆರಂಭ. ಆ ತಿಂಗಳುಗಳಲ್ಲಿ ಕಣ್ಣು ಮುಚ್ಚಿಕೊಂಡು ಟವೆಲು ಕಟ್ಟಿದರೂ ಕೆಳಗೆ ಬಿಸಿಲೇ! ಭಾವ ನನ್ನ ಕೀರ್ತಿಯನ್ನು ಬೀದಿಗೆಲ್ಲ ಹಂಚಿದರು. ಕೊನೆಗೆ ಇಡೀ ಬೀದಿ ಆ ಟವೆಲು ನೋಡಿಕೊಂಡೇ ಗಂಜಿ ಕಾಯಿಸತೊಡಗಿತು. ತೆಂಗಿನ ತೋಟದವರೂ ಕೊಬ್ಬರಿ ಒಣಗಿಸಲು ಬಸ್ಸು ಕಾಯುತ್ತಾರೆಂದು ಪಳನಿಸಾಮಿ ಹೇಳಿದ. ನನ್ನ ನಡಿಗೆ ಸ್ವಲ್ಪ ನಿಧಾನವಾಯಿತು. ದೊಡ್ಡ ಮನುಷ್ಯರು ಬೇಗ ಬೇಗ ನಡೆಯುವುದಿಲ್ಲವಲ್ಲ!

ಆ ವರ್ಷ ಐಪ್ಪಸಿಯಲ್ಲಿ, ಅಂದರೆ ಹಿಂಗಾರು ಮಳೆಯ ತಿಂಗಳಲ್ಲಿ, ಭಾವನ ಮಗಳು ಸುಂದರಿಗೆ ಮದುವೆ ಗೊತ್ತಾಯಿತು. ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮುಹೂರ್ತ. ಅವರ ಮನೆಯಲ್ಲಿ ತಾಳಿ ಕಟ್ಟುವಾಗ ಹುಡುಗಿ ಉಡುವ ಸೀರೆಯನ್ನು ಅಪ್ಪನೇ ನೇಯಬೇಕು. ಹತ್ತಿಯದೇ ಆಗಬೇಕು, ಕುಂಕುಮದ ಬಣ್ಣವೇ ಆಗಬೇಕು. ಭಾವನ ಹೆಂಡತಿಗೆ ಅವಳಪ್ಪ ನೇಯ್ದಿದ್ದರು, ನನ್ನ ರಾಜಮ್ಮನಿಗೆ ನನ್ನ ಮಾವ ನೇಯ್ದಿದ್ದರು. ಭಾವ ವರ್ಷಗಟ್ಟಲೆ ಅಂಗಡಿಯವರಿಗಾಗಿ ನೇಯ್ದವರು. ಮಗಳಿಗಾಗಿ ನೇಯುವುದು ಇದೊಂದೇ. ನೂಲಿಗೆ ಬಣ್ಣ ಹಾಕಿಸಿ, "ಮಾಪ್ಳೆ, ಈ ಸಲ ನೀವೇ ನೋಡಿ ಹೇಳಿ" ಎಂದು ಹೇಳಿ ಕಳಿಸಿದರು.

ಕೆಲವು ದಿನ ಮಳೆ, ಮಂಜು. ಟವೆಲು ಪೆಟ್ಟಿಗೆಯಲ್ಲೇ ಇತ್ತು. ಆಮೇಲೊಂದು ಬೆಳಿಗ್ಗೆ ಬಾಗಿಲು ತೆರೆದರೆ, ಆಹಾ! ತಲೆಯ ಮೇಲೆ ತೊಳೆದಿಟ್ಟ ನೀಲಿ. ಒಂದು ಚೂರು ಮೋಡವಿಲ್ಲ. ಗಾಳಿ ಒಣಗಿತ್ತು. ನಮ್ಮ ಬೆಟ್ಟದ ಕೆಳಗೆ ಮಾತ್ರ ಕಣ್ಣು ಹೋದಷ್ಟು ದೂರ ಬಿಳಿ ಮೋಡ ಹಾಸಿಕೊಂಡಿತ್ತು. ಮೇಲೆ ಎಳೆಬಿಸಿಲು ಬಿದ್ದು ಹೊಳೆಯುತ್ತಿತ್ತು.

"ರಾಜೂ, ಬಾ ಇಲ್ಲಿ! ಹಿಂಜಿದ ಅರಳೆ ಹರಡಿದ ಹಾಗಿಲ್ವಾ?"

ಅವಳು ಸೆರಗಿಗೆ ಕೈ ಒರೆಸುತ್ತ ಬಂದಳು. "ಎಷ್ಟು ಚೆನ್ನಾಗಿದೆ! ನಮ್ಮಣ್ಣನ ಊರು ಎಲ್ಲಿ ಬರುತ್ತೇರಿ?"

ನಾನು ಅನುಭವಸ್ಥನ ಹಾಗೆ ಬೆರಳು ತೋರಿಸಿದೆ. "ಅಗೋ, ಅಲ್ಲಿ ದಪ್ಪವಾಗಿ ಗುಡ್ಡೆ ಬಿದ್ದಿದೆಯಲ್ಲ, ಸರಿಯಾಗಿ ಅದರ ಅಡಿಗೆ."

ಇಷ್ಟು ಖಚಿತವಾಗಿ ಸ್ಥಳ ಗುರುತಿಸಿದ ಮನುಷ್ಯನಿಗೆ ಅದರ ಅರ್ಥ ಮಾತ್ರ ಹೊಳೆಯಲಿಲ್ಲ! ಆಕಾಶವೆಂದರೆ ಮೇಲಿರುವುದು, ನಾನು ಮೇಲೆ ನೋಡಿದ್ದೆ. ನನ್ನ ಚಿಂತೆಯೆಲ್ಲ ಆಗ ಪಳನಿಸಾಮಿ ಗಂಟು ಸಡಿಲವಾಗಿ ಕಟ್ಟಿ ಟವೆಲು ದಾರಿಯಲ್ಲಿ ಬಿದ್ದುಹೋದರೆ ಎಂಬುದರ ಮೇಲಿತ್ತು. ಅದಕ್ಕೇ ರಜೆ ಹಾಕಿ, ಟವೆಲನ್ನು ನಾನೇ ಕಟ್ಟಿ, ಅದೇ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತೆ. ಹೊಗಳಿಕೆಯನ್ನು ಖುದ್ದಾಗಿ ಸ್ವೀಕರಿಸುವ ಉದ್ದೇಶವೂ ಸ್ವಲ್ಪ ಇತ್ತು.

ಘಾಟಿಯ ತಿರುವುಗಳಲ್ಲಿ ಇಳಿಯುತ್ತ ಬಸ್ಸು ಅರಳೆಯೊಳಗೆ ಮುಳುಗಿತು. ಎದುರಿನ ರಸ್ತೆ ಕಾಣದು. ಪಳನಿಸಾಮಿ ದೀಪ ಹಾಕಿ ತಮಿಳಿನಲ್ಲಿ ಕೇಳಿದ: "ಸಾರ್, ಟವೆಲು ಬಿಚ್ಚಿಬಿಡಲೇ?"

"ಬರೀ ಮಂಜಪ್ಪಾ. ಬಿಸಿಲೇರಿದರೆ ಓಡುತ್ತೆ" ಎಂದೆ.

ಮೋಡ ದಾಟಿ ಕೆಳಗಿಳಿದರೆ ಆಕಾಶ ಬೂದು ಬಣ್ಣದ ಕಂಬಳಿಯಾಗಿತ್ತು. ಮೇಲಿನಿಂದ ಬೆಳ್ಳಗೆ ಕಂಡಿದ್ದರ ಹೊಟ್ಟೆ ಅಷ್ಟು ಕಪ್ಪಗಿರುತ್ತದೆಂದು ಆಗಲೇ ನೋಡಿದ್ದು. ಭಾವನ ಬೀದಿಯ ಮೂಲೆಯಲ್ಲಿ ಬಸ್ಸು ನಿಂತಿತು. ಭಾವ, ಅವರ ಹಿಂದೆ ಬೀದಿಯ ಜನ, ಗಂಜಿಯ ಅಂಡೆ, ಕುಂಚ ಎಲ್ಲ ಸಿದ್ಧ. ಎಲ್ಲರೂ ಒಮ್ಮೆ ಟವೆಲು ನೋಡಿದರು, ಒಮ್ಮೆ ಮೇಲೆ ನೋಡಿದರು.

"ಮಾಪ್ಳೆ," ಭಾವ ತಗ್ಗಿದ ದನಿಯಲ್ಲಿ ಕೇಳಿದರು, "ಮೋಡ ಕರ್ರಗೆ ಐತಲ್ಲ. ನಾಳೆ ನೋಡೋಣ್ವಾ?"

ಆಗಲೂ ಕಾಲ ಮಿಂಚಿರಲಿಲ್ಲ. "ಹ್ಞೂಂ ಭಾವ, ನಾಳೆ" ಎಂದಿದ್ದರೆ ಸಾಕಿತ್ತು. ಆದರೆ ಅಷ್ಟು ಜನರ ಮುಂದೆ, ನನ್ನದೇ ಟವೆಲಿನ ಎದುರು ನಾನು ಹೇಗೆ ಹಿಂದೆ ಸರಿಯಲಿ? ಅದುವರೆಗೆ ಜೀವನದಲ್ಲಿ ಎಲ್ಲದಕ್ಕೂ ಹೆದರಿದ್ದ ನಾನು ಆ ಒಂದು ಗಳಿಗೆ ಧೈರ್ಯ ಮಾಡಿದೆ!

"ಮೇಲೆ ಬಿಸಿಲು ಹೊಡೀತಾ ಇದೆ ಭಾವ. ಈ ಕಣ್ಣಲ್ಲಿ ನೋಡ್ಕೊಂಡು ಬಂದಿದೀನಿ. ಚೌಡಮ್ಮನ ಮೇಲೆ ಭಾರ ಹಾಕಿ ಶುರು ಮಾಡಿ."

ಶುರು ಮಾಡಿದರು. ಕುಂಕುಮದ ಪಾವು ಬೀದಿಯ ಈ ತುದಿಯಿಂದ ಆ ತುದಿಗೆ ಬಿಗಿಯಿತು. ಭಾವ ಗಂಜಿ ಅದ್ದಿದ ಕುಂಚ ಹಿಡಿದು ಮಗುವಿನ ತಲೆ ಬಾಚುವ ಹಾಗೆ ಬಾಚುತ್ತ ಹೋದರು. ಅವರು ಆ ತುದಿ ಮುಟ್ಟುವಷ್ಟರಲ್ಲಿ ನನ್ನ ಮೂಗಿನ ಮೇಲೆ ಒಂದು ಹನಿ ಬಿತ್ತು. ನಾನು ಯಾರಿಗೂ ಹೇಳದೆ ಒರೆಸಿಕೊಂಡೆ. ಒರೆಸಿಕೊಂಡರೆ ನಿಲ್ಲುವ ಮಳೆಯೇ ಅದು?

ಚಾಪೆ, ಗೋಣಿ, ಹಳೇ ಸೀರೆ ಹಿಡಿದು ಜನ ಓಡಿದರು. ನಾನು ಕೊಡೆ ಬಿಚ್ಚಿದೆ. ಬೀದಿಯುದ್ದದ ಪಾವಿಗೆ ಒಂದು ಕೊಡೆ! ಅದರ ಅಂಚಿನಿಂದ ಸುರಿದ ನೀರು ಇನ್ನೂ ನೆನೆಯದೆ ಉಳಿದಿದ್ದ ಜಾಗವನ್ನು ಹುಡುಕಿ ನೆನೆಸಿತು. "ಸುತ್ತಿಬಿಡೋಣ, ಸುತ್ತಿಬಿಡೋಣ!" ಎಂದು ಕೂಗುತ್ತ ನಾನೇ ಒಂದು ತುದಿ ಎಳೆದೆ. ಅಂಟಿಕೊಂಡಿದ್ದ ಹಸಿ ನೂಲು ಪಟಪಟನೆ ಹರಿಯಿತು. ನೇಕಾರನ ಮಗ ನಾನು. ಹಸಿ ಪಾವು ಎಳೆಯಬಾರದೆಂದು ಹಾಲು ಕುಡಿಯುವಾಗಲೇ ತಿಳಿದಿರಬೇಕಿತ್ತು.

"ಬಿಡಿ ಮಾಪ್ಳೆ," ಎಂದರು ಭಾವ. "ಸುಮ್ನೆ ಒಳಗೆ ಕುಂತ್ಕೊಳ್ಳಿ." ಅಷ್ಟೇ.

ಎದುರು ಜಗುಲಿಯ ಚಿನ್ನಮ್ಮಜ್ಜಿ ಮಾತ್ರ ಬಿಡಲಿಲ್ಲ. ಟವೆಲು ನಂಬಿ ಅವಳ ಮಗ ಕಟ್ಟಿದ್ದ ಪಾವೂ ಬೀದಿಯಲ್ಲಿತ್ತು. "ಏನಪ್ಪಾ ಮಳೆ ಆಫೀಸರೇ, ಇದು ನಿಮ್ಮ ಮಳೆಯಾ, ಬೇರೆಯವ್ರದಾ? ಎಷ್ಟು ಬಿತ್ತು ಅಂತಾನಾದ್ರೂ ಅಳೆದು ಹೇಳಿ!"

ಚರಂಡಿಯಲ್ಲಿ ಕುಂಕುಮದ ನೀರು ಹರಿಯುತ್ತಿತ್ತು. ಸುಂದರಿ ನನಗೆ ತಲೆ ಒರೆಸಿಕೊಳ್ಳಲು ಬಟ್ಟೆ ಕೊಟ್ಟು, "ಪರವಾಗಿಲ್ಲ ಮಾಮಾ. ಅಂಗಡೀಲಿ ಇದಕ್ಕಿಂತ ಒಳ್ಳೊಳ್ಳೆ ಸೀರೆ ಇದೆ" ಎಂದಳು. ಅಜ್ಜಿಯ ಬೈಗುಳ ತಿಂದು ಅರಗಿಸಿಕೊಂಡೆ. ಸುಂದರಿಯ ಈ ಮಾತು ಇನ್ನೂ ಅರಗಿಲ್ಲ.

ಸಂಜೆ ಬೆಟ್ಟ ಹತ್ತಿದಾಗ ನನ್ನ ಜೊತೆಗಾರ ಆ ದಿನದ ವರದಿ ಕಳಿಸಿ ಮುಗಿಸಿದ್ದ: ಮಳೆ ಇಲ್ಲ, ದಿನವಿಡೀ ಉತ್ತಮ ಬಿಸಿಲು. ಸರ್ಕಾರದ ಪ್ರಕಾರ ನಾನು ಹೇಳಿದ್ದು ಅಕ್ಷರಶಃ ಸತ್ಯ!

"ಅಣ್ಣ ಏನಂದ?" ಎಂದಳು ರಾಜಮ್ಮ.

"ಏನೂ ಅನ್ನಲಿಲ್ಲ."

"ಹಾಗಾದ್ರೆ ತುಂಬಾ ನೊಂದಿದಾನೆ" ಎಂದು ಒಳಗೆ ಹೋದಳು.

ಆಮೇಲೆ ವಾರಗಟ್ಟಲೆ ಮಳೆ ಬಿಡಲೇ ಇಲ್ಲ. ಬೇರೆ ಪಾವು ಹಾಕಿ ನೇಯುವಷ್ಟು ಸಮಯ ಉಳಿಯಲಿಲ್ಲ. ತೈ ತಿಂಗಳ ಮದುವೆಯಲ್ಲಿ ಸುಂದರಿ ಅಂಗಡಿಯ ರೇಷ್ಮೆ ಉಟ್ಟು ಲಕ್ಷಣವಾಗಿ ಕೂತಿದ್ದಳು. ಧಾರೆ ಎರೆಯುವ ಮೊದಲು ಭಾವ ಅವಳ ಸೆರಗಿನ ಅಂಚನ್ನು ಹೆಬ್ಬೆರಳಿನಲ್ಲಿ ಒಮ್ಮೆ ಉಜ್ಜಿ ನೋಡಿದರು. "ಯಾರೋ ಚೆನ್ನಾಗಿ ನೇಯ್ದವ್ರೆ" ಎಂದರು. ನಾನು ಚಪ್ಪರದ ಕಂಬದ ಹಿಂದೆ ಸರಿದೆ.

ಊಟದ ಹೊತ್ತಿಗೆ ಮೋಡ ಕವಿಯಿತು. ಎಲೆಗಳನ್ನು ಬಯಲಿನಲ್ಲಿ ಹಾಸಿದ್ದರು. ಭಾವ ನೇರವಾಗಿ ನನ್ನ ಬಳಿ ಬಂದರು.

"ಮಾಪ್ಳೆ, ಎಲ್ಲಾರಿಗೂ ಕೇಳೋ ಹಾಗೆ ಜೋರಾಗಿ ಒಂದು ಮಾತು ಹೇಳ್ಬೇಕು."

"ಏನು ಭಾವ?"

"ಮಳೆ ಖಂಡಿತ ಬರುತ್ತೆ ಅಂತ."

ನಾನು ಎದ್ದು ನಿಂತು ಗಟ್ಟಿಯಾಗಿ ಘೋಷಿಸಿದೆ. ಎರಡನೇ ಪಂಕ್ತಿಗೆ ಬಿಸಿಲು ಬಿತ್ತು. ಭಾವ ಆ ಬೆಳಗಿನ ನಂತರ ಮೊದಲ ಸಲ ನನ್ನನ್ನು ನೋಡಿ ನಕ್ಕರು. ನನ್ನ ಇಡೀ ನೌಕರಿಯಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದ ಭವಿಷ್ಯ ಅದೊಂದೇ. ಅದನ್ನೂ ಹೇಳಿಕೊಟ್ಟವರು ಭಾವನೇ!