ಹುಡುಕಿದರೆ ಸಿಗದ ಭಾಷಣ

ದಿನವಿಡೀ ಸಮಾನತೆಯ ಭಾಷಣ ಕೇಳುತ್ತ ಕೂತವರ ಸುತ್ತಮುತ್ತ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ನಡೆಯುತ್ತಿರುತ್ತದೆ. ನಾನು ಅಂಥ ಕಡೆ ಕೆಲಸ ಮಾಡಿದವಳು, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ಹೈದರಾಬಾದಿನಲ್ಲಿ ಎತ್ತ ತಿರುಗಿದರೂ ಸಾಫ್ಟ್‌ವೇರ್ ಕಂಪನಿಯ ಬೋರ್ಡು ಕಾಣುತ್ತಿದ್ದ ಕಾಲ. ನನಗೆ ಸಿಕ್ಕಿದ್ದು ಮಾತ್ರ ಉಪ್ಪಲ್‌ನ ಬಾಡಿಗೆ ಫ್ಲಾಟೊಂದರಲ್ಲಿ ಹಳೆಯ ಕ್ಯಾಸೆಟ್ ಕೇಳುವ ಕೆಲಸ. ಮುಷ್ಕರ, ದಲಿತರ ಸಭೆ, ಹೆಂಗಸರ ಮೆರವಣಿಗೆ, ಹೀಗೆ ಹಿಂದಿನ ಹೋರಾಟಗಳ ಧ್ವನಿಮುದ್ರಣಗಳನ್ನು ಇಂಟರ್‌ನೆಟ್ಟಿಗೆ ಏರಿಸುವ ಸಂಸ್ಥೆ ಅದು. ಕನ್ನಡದ ಕ್ಯಾಸೆಟ್ಟುಗಳು ನನ್ನ ಪಾಲು. ಒಂದೊಂದನ್ನೂ ಕೇಳಿ, ಒಳಗೇನಿದೆ ಎಂದು ಟೈಪ್ ಮಾಡಬೇಕು. ನಾವು ಟೈಪ್ ಮಾಡಿದ ಪದ ಕೊಟ್ಟು ಹುಡುಕಿದರೆ ಮಾತ್ರ ಆ ಕ್ಯಾಸೆಟ್ಟು ಸಿಗುತ್ತಿತ್ತು.

ಲಿಂಗಂಪಲ್ಲಿಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದವರಿಗೆಲ್ಲ ಅಪ್ಪ, ಮಗಳು ಐಟಿಯಲ್ಲಿದ್ದಾಳೆ ಎಂದೇ ಹೇಳುತ್ತಿದ್ದರು. ಯಾವ ಕಂಪನಿ ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಅವ್ವ ಉಪ್ಪಿಟ್ಟು ತಂದಿಡುತ್ತಿದ್ದಳು.

೧. ಹುಡುಕಾಟದ ಉದ್ಘಾಟನೆ

ನಮಗೆ ಹಣ ಕೊಡುವ ಅತಿಥಿಗಳು ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದರು. ಸಾಹೇಬರು, ಅಂದರೆ ಸಂಸ್ಥೆಯ ಮುಖ್ಯಸ್ಥರು, ಇಸ್ತ್ರಿ ಮಾಡಿದ ಖಾದಿ ಹಾಕಿಕೊಂಡು, ಯಾವ ಪದ ಬೇಕಾದರೂ ಕೊಡಿ, ಇತಿಹಾಸ ತಾನಾಗಿ ಎದ್ದು ಬರುತ್ತದೆ ಎಂದರು. ಅತಿಥಿಯೊಬ್ಬರು ‘ಮಹಿಳಾ ಸಮಾನತೆ’ ಎಂದರು. ನಾನು ಟೈಪ್ ಮಾಡಿದೆ. ಏನೂ ಸಿಗಲಿಲ್ಲ.

ಕಾರಣ ಸಣ್ಣದು. ಆ ಮಾತು ಎಲ್ಲ ಭಾಷಣದಲ್ಲೂ ಇದ್ದೇ ಇರುತ್ತದಲ್ಲ, ಬೇರೆ ಬರೆಯುವುದೇನಿದೆ ಎಂದು ಯಾರೂ ಬರೆದಿರಲಿಲ್ಲ. ಸಾಹೇಬರ ಮುಖ ಕಂಡು ಪಾಪ ಎನಿಸಿ, ಖಂಡಿತ ಸಿಗುವ ಪದವೊಂದನ್ನು ನಾನೇ ಕೊಟ್ಟೆ: ಚಪ್ಪಲಿ. ಪುಟಗಟ್ಟಲೆ ಬಂತು. ಪ್ರತಿ ಸಭೆಯಲ್ಲೂ ಯಾರದೋ ಚಪ್ಪಲಿ ಕಳೆದಿತ್ತು, ಅದನ್ನು ಮೈಕಿನಲ್ಲಿ ಕೂಗಿದ್ದರು.

ಸಾಹೇಬರು ಗಂಟಲು ಸರಿಮಾಡಿಕೊಂಡು, ಜನಸಾಮಾನ್ಯರು ಏನೇನು ಕಳೆದುಕೊಂಡರು ಎಂಬುದರ ದಾಖಲೆ ಇದು ಎಂದರು. ಅತಿಥಿಗಳು ಅದನ್ನು ಬರೆದುಕೊಂಡರು.

೨. ಗಾಳಿಗಾಗಿ ಹೋರಾಟ

ಫ್ಲಾಟಿನಲ್ಲಿ ಎಸಿ ಇದ್ದದ್ದು ಸಾಹೇಬರ ಕೋಣೆಯಲ್ಲಿ. ನಾವು ಕೂರುತ್ತಿದ್ದ ಹಾಲಿನಲ್ಲಿ ಒಂದು ಫ್ಯಾನೂ ಇರಲಿಲ್ಲ. ಫ್ಯಾನ್ ಸದ್ದು ಮಾಡಿದರೆ ಭಾಷಣ ಕೇಳಿಸುವುದಿಲ್ಲವೆಂದು ತೆಗೆಸಿದ್ದರು. ಮೇ ತಿಂಗಳ ಹೈದರಾಬಾದು, ಮೇಲೆ ಕಿವಿಗೆ ದಪ್ಪನೆಯ ಹೆಡ್‌ಫೋನು.

ಹಾಗೆ ಬೇಯುತ್ತ ಕೂತಾಗ ತೆಲುಗು ಕ್ಯಾಸೆಟ್ಟು ಕೇಳುವವರಿಗೆ ಒಂದು ಭಾಷಣ ಸಿಕ್ಕಿತು. ಕಾರ್ಖಾನೆಯ ಶೆಡ್ಡಿಗೆ ಫ್ಯಾನ್ ಹಾಕಿಸಿ ಎಂದು ಕೇಳುತ್ತಿದ್ದ ಕಾರ್ಮಿಕನೊಬ್ಬ, ದೊರೆ ತಂಪಾಗಿ ಕೂತು ನಮ್ಮ ಬೆವರಿನ ಲೆಕ್ಕ ಹಾಕುತ್ತಾನೆ ಎಂದು ಗುಡುಗುತ್ತಿದ್ದ. ನಮ್ಮ ಅರ್ಜಿಯನ್ನು ಇಷ್ಟು ಚೆನ್ನಾಗಿ ನಾವೇ ಬರೆಯಲಾರೆವು ಎನಿಸಿ, ಎಲ್ಲರೂ ಸೇರಿ ಸಾಹೇಬರ ಕೋಣೆಗೆ ಹೋಗಿ ಅದನ್ನೇ ಹಾಕಿದೆವು.

ಸಾಹೇಬರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಕಣ್ಣಲ್ಲಿ ನೀರೂ ಬಂತು. ಇದನ್ನು ಇವತ್ತೇ ನಮ್ಮ ವೆಬ್‌ಸೈಟಿನ ಮೊದಲ ಪುಟಕ್ಕೆ ಹಾಕಿ ಎಂದರು.

ಭಾಷಣ ಮೊದಲ ಪುಟಕ್ಕೆ ಬಂತು. ಫ್ಯಾನ್ ಬರಲಿಲ್ಲ.

೩. ಒಂದು, ಎರಡು, ಮೂರು

ಬಾಲಾನಗರದ ಕಾರ್ಖಾನೆಯೊಂದರಿಂದ ನಿವೃತ್ತರಾದ ಬೀದರ ಕಡೆಯ ಕಾಕಾ ಒಬ್ಬರು ತಗಡಿನ ಟ್ರಂಕಿನ ತುಂಬ ಕ್ಯಾಸೆಟ್ಟು ತಂದುಕೊಟ್ಟಿದ್ದರು. ಅಲ್ಲಿನ ಕನ್ನಡ ಕಾರ್ಮಿಕರ ಸಭೆಗಳಿಗೆಲ್ಲ ತಮ್ಮದೇ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ, ಭಾಷಣಕಾರರ ಮುಂದಿಟ್ಟು ರೆಕಾರ್ಡ್ ಮಾಡಿದವರು. ಕೆಲವು ತಿಂಗಳ ಮೇಲೆ ಹೆಂಡತಿಯನ್ನೂ, ಅಂದರೆ ಕಾಕುವನ್ನೂ, ಕರೆದುಕೊಂಡು ಬಂದರು. ತಮ್ಮದೊಂದು ಭಾಷಣ ಬೇಕಿತ್ತು ಅವರಿಗೆ. ತಾವು ವೇದಿಕೆಯ ಮೇಲೆ ನಿಂತು ಮಾತಾಡಿದ್ದನ್ನು ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಅಜ್ಜ ಬರೀ ವೈರ್ ಹಿಡಿಯುತ್ತಿದ್ದರಂತೆ ಎಂದು ಮೊಮ್ಮಕ್ಕಳು ನಗುತ್ತಿದ್ದರು. ಹಾಗೆಂದು ಅವರಿಗೆ ಹೇಳಿಕೊಟ್ಟವರು ಕಾಕುವೇ.

“ಇದರಾಗ ಏನ್ ಹುಡುಕಿದ್ರೂ ಸಿಗತೈತಿ ಅಂತಾರವಾ. ನಾನೂ ಸಿಗಬೇಕಲ್ಲ,” ಎಂದರು ಕಾಕಾ.

ಅವರ ಹೆಸರು ಹಾಕಿ ಹುಡುಕಿದೆ. ಸಾಲುಸಾಲಾಗಿ ಬಂತು. ಕಾಕಾ ಹಿಗ್ಗಿಹೋದರು. ಮೊದಲನೆಯದನ್ನು ಒತ್ತಿದೆ: ಹಲೋ, ಹಲೋ, ಒಂದು, ಎರಡು, ಮೂರು. ಎರಡನೆಯದರಲ್ಲೂ ಅದೇ, ಮುಂದಿನದರಲ್ಲೂ ಅದೇ. ಕೊನೆಗೆ ಕಾಕಾ ತಾವೇ ಕಾರಣ ಹೇಳಿದರು. ಆ ಯಂತ್ರ ನಡೆಸಲು ಬರುತ್ತಿದ್ದದ್ದು ಅವರೊಬ್ಬರಿಗೇ. ತಮ್ಮ ಸರದಿ ಬಂದಾಗ, ಟೇಪು ಸುಮ್ಮನೆ ಹಾಳಾಗಬಾರದೆಂದು ಅದನ್ನು ಬಂದ್ ಮಾಡಿ ವೇದಿಕೆ ಹತ್ತುತ್ತಿದ್ದರಂತೆ. ಊರಿನವರ ದನಿಯನ್ನೆಲ್ಲ ಉಳಿಸಿ ತಮ್ಮದನ್ನೇ ಬಿಟ್ಟಿದ್ದರು. ನನಗೆ ನಿಜಕ್ಕೂ ಸಂಕಟವಾಯಿತು.

ಕಾಕುವಿಗೆ ಆಗಲಿಲ್ಲ. “ನಾ ಹೇಳ್ಲಿಲ್ಲೇನು? ಇವರು ಮೂರರ ಮ್ಯಾಲೆ ಹೋದವರೇ ಅಲ್ಲ,” ಎಂದರು.

೪. ಸಿಕ್ಕಿತು

ಬಾಗಿಲವರೆಗೆ ಹೋದ ಕಾಕಾ ಥಟ್ಟನೆ ನಿಂತರು. ಹೆಂಗಸರ ಸಭೆಯೊಂದರಲ್ಲಿ ಟೇಪ್ ರೆಕಾರ್ಡರನ್ನು ಕಾಕುವಿನ ಕೈಗೆ ಕೊಟ್ಟು ವೇದಿಕೆ ಹತ್ತಿದ್ದು ಅವರಿಗೆ ನೆನಪಾಗಿತ್ತು. ಕೆಂಪು ಗುಂಡಿ ಒತ್ತು ಎಂದು ಹೇಳಿದ್ದರಂತೆ.

“ಒತ್ತೀನಿ ಬಿಡ್ರಿ,” ಎಂದರು ಕಾಕು. “ತೊಡಿ ಮ್ಯಾಲೆ ಇಟ್ಕೊಂಡು ಕುಂತಿದ್ದೆ.”

ಟ್ರಂಕಿನ ತಳದಲ್ಲಿ ಹೆಸರು ಬರೆಯದ, ನಾನಿನ್ನೂ ಕೇಳದ ಕ್ಯಾಸೆಟ್ಟೊಂದಿತ್ತು. ಹಾಕಿದೆ. ಎಲ್ಲೋ ದೂರದಲ್ಲಿ ಕಾಕಾ, ಮನೆಗೆಲಸದಲ್ಲಿ ಗಂಡಸರೂ ಸಮಪಾಲು ಹೊರಬೇಕು ಎನ್ನುತ್ತಿದ್ದರು. ಅಷ್ಟರಲ್ಲಿ ಕಿವಿಯ ಪಕ್ಕದಲ್ಲೇ ಹೇಳಿದಂತೆ, ಜೊತೆಗೆ ಕೂತ ಹೆಂಗಸಿಗೆ ಹೇಳುತ್ತಿದ್ದ ಕಾಕುವಿನ ದನಿ: “ಕೇಳಿದ್ರೇನ್ರಿ ವೈನಿ? ಆ ಅಂಗಿ ಒಗೆದಾಕಿ ನಾನು, ಇಸ್ತ್ರಿ ಮಾಡಿದಾಕಿ ನಾನು. ಈಗ ಮನಿಗೆ ಬಂದು ಮೊದಲ ಕೇಳೋದು, ನೀರ ಕಾದಾವೇನಂತ.” ಸುತ್ತ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಕ್ಯಾಸೆಟ್ಟಿನ ಆ ಬದಿ ಮುಗಿಯುವವರೆಗೂ ಹೀಗೇ: ಹಿಂದೆ ಕಾಕಾ ಹೇಳುವುದು, ಮುಂದೆ ಕಾಕು ಅದನ್ನು ಮನೆಯ ಲೆಕ್ಕಕ್ಕೆ ಹಚ್ಚುವುದು.

ನಗು ಕೇಳಿ ಸಾಹೇಬರು ಹೊರಬಂದರು. ಕನ್ನಡ ಅರ್ಥವಾಗದೆ ನನ್ನಿಂದ ಸಾಲುಸಾಲಾಗಿ ಹೇಳಿಸಿಕೊಂಡು, ನಮಗೆ ಬೇಕಿದ್ದದ್ದು ಇದೇ ಎಂದು ಕುಣಿದಾಡಿದರು. ವಿಷಯ: ಮಹಿಳಾ ಸಮಾನತೆ. ಭಾಷಣಕಾರರು: ಕಾಕು. ಕಾಕಾ ಅವರನ್ನು ಏನೆಂದು ಬರೆಯಲಿ ಎಂದು ಕೇಳಿದೆ. ಹಿನ್ನೆಲೆ ಸದ್ದು ಎಂದರು ಸಾಹೇಬರು.

ಅಂದಿನಿಂದ ಮಹಿಳಾ ಸಮಾನತೆ ಎಂದು ಹುಡುಕಿದರೆ ಮೊದಲು ಸಿಗುವವರು ಕಾಕುವೇ.

ಕಾಕಾಗೆ ಇದರಿಂದ ಬೇಸರವಾಗಿರಬೇಕೆಂದು ನಾನು ಅಂಜಿದ್ದೆ. ಆದರೆ ಮುಂದಿನ ಭಾನುವಾರವೇ ಕಾಕುವನ್ನೂ ಮೊಮ್ಮಕ್ಕಳನ್ನೆಲ್ಲ ಕಟ್ಟಿಕೊಂಡು ಬಂದರು. ಮೊಮ್ಮಕ್ಕಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಕ್ಯಾಸೆಟ್ಟು ಹಾಕಿಸಿ, ಎದೆಯುಬ್ಬಿಸಿ ಕಾಕುವಿನ ಕಡೆ ತಿರುಗಿದರು.

“ಈಗರ ಒಪ್ಪತೀಯೇನು? ನಾ ಭಾಷಣಾ ಮಾಡಿದ್ದು ಖರೇ ಐತಿಲ್ಲೋ?”

“ಖರೇ ಐತ್ರಿ,” ಎಂದರು ಕಾಕು. “ನಾ ಉಸಿರು ತೊಗೊಂಡಾಗೆಲ್ಲಾ ಭಾಳ ಛಲೋ ಕೇಳಸ್ತೈತಿ.”