ಗೋಡೆ ಬೀಳುವ ಮೊದಲೇ ಊಟ

ಇದನ್ನು ಹೇಳಬೇಕೆಂದು ಕೂತು, ಚಹಾ ಕುಡಿದು, ಹೇಳದೆ ಎದ್ದುಹೋದದ್ದು ಎಷ್ಟು ಸಲವೋ! ಅಂಗಳದ ಹಿಮ ತೆಗೆಯಬೇಕು, ಕಾರಿನ ಟೈರು ಬದಲಿಸಬೇಕು ಎಂದು ನೆವ ಹೂಡುತ್ತ ಬಂದೆ. ಈಗ ಹಿಮ ಕರಗಿದೆ, ಟೈರೂ ಬದಲಾಗಿದೆ. ಇನ್ನು ನೆವವಿಲ್ಲ.

ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಇಡೀ ಯುರೋಪನ್ನು ತಲೆಯ ಮೇಲೆ ಹೊತ್ತು ತಿರುಗುತ್ತಿದ್ದ ಮನುಷ್ಯ. ಯುರೋಪು ನೋಡಿದ್ದರೇ ಎಂದು ಮಾತ್ರ ಕೇಳಬೇಡಿ! ಧಾರವಾಡದಿಂದ ಟೊರಾಂಟೊಗೆ ಬರುವಾಗ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿದ್ದರು. ಆಗಲೂ ಕುರ್ಚಿಯಲ್ಲಿ ಗೊರಕೆ ಹೊಡೆದರಂತೆ. "ಯುರೋಪದಾಗ ಏನ್ ನೋಡಿದ್ರಿ ಅಣ್ಣಾರ?" ಎಂದರೆ, "ಕನಸು ನೋಡಿದೆ" ಎನ್ನುತ್ತಿದ್ದರು.

ಊರಲ್ಲಿ ಹೈಸ್ಕೂಲಿನ ಮಕ್ಕಳಿಗೆ ಇತಿಹಾಸ ಹೇಳಿದವರು, ಇಲ್ಲಿ ವುಡ್‌ಬ್ರಿಡ್ಜಿನ ಒಂದು ಫ್ಯಾಕ್ಟರಿಯ ಗೇಟು ಕಾದರು. ಪಾಠ ಮಾತ್ರ ನಿಲ್ಲಲಿಲ್ಲ. ಮನೆಯಲ್ಲಿ ಕುಕ್ಕರು ಸೀಟಿ ಹಾಕಿತೋ, ಮುಗಿಯಿತು! "ಕೇಳಿದ್ರಿಲ್ಲೋ? ಇದ ಉಗಿ ಇಂಗ್ಲೆಂಡಿನ ಮಂದೀನ ಹೊಲದಿಂದ ಎಬ್ಬಿಸಿ ಗಿರಣಿಗೆ ಅಟ್ಟಿದ್ದು!" ಮೊಮ್ಮಗಳು, "ಅಜ್ಜಾ, ಇಟ್ಸ್ ಜಸ್ಟ್ ರೈಸ್!" ಎಂದು ತಟ್ಟೆ ಬಡಿಯುತ್ತಿದ್ದಳು. ಗಿರಣಿಯಲ್ಲಿ ದುಡಿದ ಕೂಸುಗಳ ಕಥೆ ಮುಗಿಯುವವರೆಗೆ ಈ ಕೂಸಿಗೆ ಅನ್ನವಿಲ್ಲ!

ಅವರಿದ್ದದ್ದು ಜಾರ್ಜ್‌ಟೌನಿನಲ್ಲಿ, ಮಗಳ ಮನೆಯಲ್ಲಿ. ಒಮ್ಮೆ ಸ್ಟೇಷನ್ನಿನಲ್ಲಿ ರೈಲು ಬಂದು ನಿಂತಾಗ ನನ್ನನ್ನು ಕೇಳಿದರು. "ಈ ಟ್ರೇನು ಎಲ್ಲಿಂದ ಬಂತು ಹೇಳು ತಮ್ಮಾ?"

"ಕಿಚನರ್ ಊರಿಂದ್ರಿ."

"ದಡ್ಡಾ! ಮ್ಯಾಂಚೆಸ್ಟರದಿಂದ! ಮಂದೀನ ಹೊತ್ತು ಉಗಿಬಂಡಿ ಮೊದಲ ಓಡಿದ್ದ ಅಲ್ಲಿ!"

ಪಕ್ಕದಲ್ಲಿದ್ದ ಪಂಜಾಬಿ ಅಜ್ಜಿ ಗಾಬರಿಯಾಗಿ, "ಭಾಯಿಸಾಬ್, ಯೇ ಟೊರಾಂಟೊ ನಹೀಂ ಜಾಯೇಗೀ?" ಎಂದರು. ಅವರನ್ನು ಸಮಾಧಾನ ಮಾಡಿ ಹತ್ತಿಸುವಷ್ಟರಲ್ಲಿ ನನಗೆ ಸಾಕಾಯಿತು.

ಇಂಥವರಿಗೆ ನಮ್ಮ ಕನ್ನಡ ಬಳಗದ ವಾರ್ಷಿಕ ಸಮಾರಂಭದಲ್ಲಿ ಭಾಷಣ. ನಮ್ಮ ಸಮಾರಂಭ ನಿಮಗೆ ಗೊತ್ತಲ್ಲ? ಶುರುವಾಗುವುದೇ ತಡವಾಗಿ. ಮಕ್ಕಳ ಡ್ಯಾನ್ಸು, ಸನ್ಮಾನ, ಫೋಟೊ ಎಲ್ಲ ಆದಮೇಲೆ ಇವರ ಸರದಿ. ಅಷ್ಟರಲ್ಲಿ ಹಿಂದಿನ ಮೇಜಿಗೆ ಊಟದ ಟ್ರೇಗಳು ಬಂದು, ಎಣ್ಣೆಗಾಯಿಯ ಘಮಲು ಹಾಲೆಲ್ಲ ಹರಡಿರುತ್ತದೆ. ಇವರೋ, ಪ್ರತಿ ವರ್ಷ ಉಗಿಯಂತ್ರದಿಂದಲೇ ಶುರು! ಒಂದು ವರ್ಷ ಕಲ್ಲಿದ್ದಲ ಗಣಿಗೆ ಇಳಿದಿದ್ದಾಗಲೇ ಅವರ ಮಾತು ನಿಲ್ಲಿಸಿದ್ದಾಯಿತು. ಇನ್ನೊಂದು ವರ್ಷ ಮೊದಲನೇ ಮಹಾಯುದ್ಧದ ಕಂದಕದಲ್ಲೇ ಬಿಟ್ಟು ಎಲ್ಲರೂ ತಟ್ಟೆ ಹಿಡಿದರು. ನಮ್ಮ ಬಳಗಕ್ಕೆ ಎರಡನೇ ಮಹಾಯುದ್ಧ ಆದ ಸುದ್ದಿಯೇ ಇರಲಿಲ್ಲ!

ಹೀಗೆ ನಿಲ್ಲಿಸುತ್ತಿದ್ದವನು ಯಾರು? ನಾನೇ. ಮೈಕಿನ ಉಸ್ತುವಾರಿ ನನ್ನದು. ಮೆಟ್ರಿಕ್‌ವರೆಗೆ ಓದಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದವನಿಗೆ, ಡಾಕ್ಟರು ಎಂಜಿನಿಯರುಗಳ ಬಾಯಿ ಮುಚ್ಚಿಸುವ ಸ್ವಿಚ್ಚು ಕೈಗೆ ಸಿಕ್ಕಿತ್ತು. ಸಣ್ಣ ಜಂಬವೇ?

"ಅಣ್ಣಾರ, ಬರ್ಲಿನ್ ಗ್ವಾಡಿ ಬಿದ್ದಲ್ಲಿಂದ ಶುರು ಮಾಡ್ರಲಾ" ಎಂದು ಒಮ್ಮೆ ಉಪಾಯ ಹೇಳಿದ್ದೆ.

"ಕಟ್ಟಲಾರದ ಗ್ವಾಡಿ ಬೀಳೂದು ಹೆಂಗೋ ತಮ್ಮಾ?"

ಹೋದ ವರ್ಷ ಅವರಿಗೆ ಮೈಯಲ್ಲಿ ಆರಾಮವಿರಲಿಲ್ಲ. ಕೋಟು ಹೆಗಲಿಂದ ಜಾರುವಷ್ಟು ಇಳಿದಿದ್ದರು. ಸಮಾರಂಭದ ಮುಂಚೆ ನನ್ನ ಕೈ ಹಿಡಿದು, "ಈ ಸಲ ಗ್ವಾಡಿ ಬೀಳೂತನಾ ಬಿಡೋ. ಮುಂದಿನ ವರ್ಷದ್ದು ನನಗ ಖಾತ್ರಿ ಇಲ್ಲ" ಎಂದರು.

"ಬಿಡ್ತೇನ್ರಿ ಅಣ್ಣಾರ. ಆಣಿ ಮಾಡ್ತೇನಿ."

ಯೂನಿಯನ್‌ವಿಲ್ಲಿನ ಸಭಾಂಗಣ. ಅವರು ಅವಸರದಿಂದಲೇ ಹೇಳಿದರು ಪಾಪ. ಗಿರಣಿ, ಕ್ರಾಂತಿ, ಎರಡೂ ಯುದ್ಧ ದಾಟಿದರು. ಗೋಡೆ ಕಟ್ಟಿದರು. ಅದು ಬೀಳುವ ರಾತ್ರಿ ಜನ ಅದರ ಗೇಟಿಗೆ ಬಂದು ನಿಂತರು, ಕಾವಲುಗಾರನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ ಎನ್ನುವಲ್ಲಿಗೆ ಬಂದರು. ಅತ್ತ ಕಾರ್ಯದರ್ಶಿ ಗಡಿಯಾರ ತೋರಿಸಿದರು. ಯಾರೋ, "ರೊಟ್ಟಿ ಆರಾಕತ್ತಾವಲೇ, ಬಂದ್ ಮಾಡೋ!" ಎಂದು ಕೂಗಿದರು. ಜನ ನಕ್ಕರು. ಆ ನಗು ನನಗೆ ಏರಿತು ನೋಡಿ! ಅವರ ಮೈಕು ಆರಿಸಿ, ನನ್ನ ಮೈಕಿನಲ್ಲಿ, "ಗ್ವಾಡಿ ಮುಂದಿನ ವರ್ಷ ಬೀಳ್ತೈತ್ರೀ, ಈಗ ಊಟಕ್ಕ ಏಳ್ರೀ!" ಎಂದೆ.

ಇಡೀ ಸಭೆಯೇ ಬಿದ್ದು ಬಿದ್ದು ನಕ್ಕಿತು. ಅವರ ತುಟಿ ಇನ್ನೂ ಸ್ವಲ್ಪ ಹೊತ್ತು ಅಲುಗಾಡುತ್ತಿತ್ತು. ಆಮೇಲೆ ಮೈಕನ್ನು ಬೆರಳಿಂದ ಮುಟ್ಟಿ ನೋಡಿ, ನನ್ನತ್ತ ನೋಡಿ, ಕೈ ಮುಗಿದು ಕೆಳಗಿಳಿದರು. ಊಟದ ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದರು. "ಎಣ್ಣಿಗಾಯಿ ಚಲೋ ಆಗ್ಯಾವ" ಎಂದರು. ಬೈದಿದ್ದರೆ ಕಾಲು ಹಿಡಿದುಬಿಡುತ್ತಿದ್ದೆನೇನೋ. ಬೈಯಲಿಲ್ಲವಲ್ಲ ಎಂದು ನಾನೂ ಸುಮ್ಮನಾದೆ. ನಾಳೆ ಹೋದರಾಯಿತು, ಹಿಮ ನಿಂತ ಮೇಲೆ ಹೋದರಾಯಿತು ಎಂದುಕೊಂಡೆ. ಹಿಮ ನಿಲ್ಲುವ ಮೊದಲೇ ಅವರು ಹೋದರು.

ಕಾರ್ಯವೆಲ್ಲ ಮುಗಿದ ಮೇಲೆ ಅವರ ಹೆಂಡತಿ, ಅಕ್ಕನ ಮುಂದೆ ತಲೆ ತಗ್ಗಿಸಿ, "ಅಣ್ಣಾರು ಆವತ್ತು ಇನ್ನೇನು ಹೇಳಾವ್ರಿದ್ರಕ್ಕಾ?" ಎಂದೆ.

"ನನಗ ಪೂರಾ ಬಾಯಿಪಾಠ ಐತಿ. ದಿನಾ ಗಡ್ಡಾ ಮಾಡ್ಕೋತ ಕನ್ನಡಿಗೆ ಹೇಳ್ತಿದ್ರು" ಎಂದು ಅಕ್ಕ ಸೆರಗು ಸರಿಮಾಡಿಕೊಂಡು, ಥೇಟು ಅವರ ಧಾಟಿಯಲ್ಲೇ ಹೇಳಿದರು. "ಆ ಕಾವಲುಗಾರಗ ಯಾರೂ ಸರಿಯಾಗಿ ಅಪ್ಪಣಿ ಕೊಟ್ಟಿದ್ದಿಲ್ಲ. ನಾನೂ ಗೇಟು ಕಾದಾಂವ. ಅಪ್ಪಣಿ ಇಲ್ಲದ ಗೇಟು ತೆಗಿಯೂದು ಎಷ್ಟು ತ್ರಾಸು ಅಂತ ನನಗ ಗೊತ್ತೈತಿ. ಆದ್ರೂ ಅಂವ ತೆಗದ. ಮಂದಿ ಅಳಕೋತ, ನಕ್ಕೋತ ದಾಟಿದ್ರು. ಅಲ್ಲಿ ಮೈಕಿನ ಹಂತೇಕ ನನ್ನ ತಮ್ಮ ಕುಂತಾನ ನೋಡ್ರಿ. ಊಟ ಆರಾಕತ್ತೈತಿ, ಎಲ್ಲಾರೂ ಬಂದ್ ಮಾಡು ಅಂತಾರ. ಆದ್ರೂ ಅಂವ ನನ್ನ ಇಲ್ಲಿತನಾ ಬಿಟ್ಟ. ಅವಗೊಂದು ಚಪ್ಪಾಳಿ ಬಡೀರಿ."

ಅಕ್ಕ ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ಕುಕ್ಕರು ಸೀಟಿ ಹಾಕಿತು. ಯಾರೂ ಪಾಠ ಶುರು ಮಾಡಲಿಲ್ಲ. ಮೊಮ್ಮಗಳು ತಟ್ಟೆ ಮುಂದಿಟ್ಟುಕೊಂಡು ಸ್ವಲ್ಪ ಹೊತ್ತು ಕಾದಳು.

ಇಷ್ಟು ಹೊತ್ತು ಷಡ್ಡಕರು, ಅಣ್ಣಾರು ಎಂದು ಹೆಸರು ಮರೆಮಾಡಿದೆ. ಹೆಸರು ಹಿಡಿದರೆ ಮುಂದಿನ ಮಾತು ಹೇಳಲೇಬೇಕಾಗುತ್ತದಲ್ಲ, ಅದಕ್ಕೆ. ತಪ್ಪಾತ್ರಿ, ಚನ್ನವೀರಣ್ಣಾರ.