ದೊಡ್ಡಪ್ಪ, ಬೋಂಡ ಮತ್ತು ಒತ್ತದ ಗುಂಡಿ

ನಮ್ಮ ದೊಡ್ಡಪ್ಪನಷ್ಟು ವಿನಯವಂತರು ಇಡೀ ಜೆ.ಪಿ. ನಗರದಲ್ಲಿ ಇಲ್ಲ. ಫ್ಯಾನ್ ಹಾಕೋಕೂ ಅಪ್ಪಣೆ ಕೇಳ್ತಾರೆ!

ಸುಳ್ಳಲ್ಲ ಸ್ವಾಮಿ. ಸ್ವಿಚ್ ಮೇಲೆ ಬೆರಳಿಟ್ಟು, ಮನೆಗೆಲ್ಲ ಕೇಳುವಂತೆ "ಹಾಕ್ಲಾ?" ಅಂತ ಕೂಗ್ತಾರೆ. ಯಾರಾದರೂ "ಹಾಕಿ" ಅನ್ನೋವರೆಗೂ ಬೆರಳು ಅಲುಗಲ್ಲ. ಒಂದು ಸಂಜೆ ನಾನೂ ದೊಡ್ಡಮ್ಮನೂ ಮದುವೆ ಮುಗಿಸಿ ಬಂದರೆ, ಕತ್ತಲಲ್ಲೇ ಕೂತಿದ್ದರು.

"ಲೈಟ್ ಹಾಕ್ಕೋಬಾರ್ದಾ?"

"ಯಾರನ್ನ ಕೇಳ್ಲಿ?"

ಮಿಕ್ಸಿಗೂ ಇದೇ ಮರ್ಯಾದೆ. ದೊಡ್ಡಮ್ಮ ಚಟ್ನಿಗೆ ಕಾಯಿ ಹಾಕಿ, "ಹಾಕಿ, ಹಾಕಿ, ಹಾಕಿ" ಅಂತ ಮುಂಗಡವಾಗಿ ಮೂರು ಸಲ ಹೇಳಿಟ್ಟು ಸ್ನಾನಕ್ಕೆ ಹೋಗ್ತಾರೆ. ಲೈನ್‌ಮನ್ ಆಗಿ ರಿಟೈರ್ ಆದವರು, ಅದರದ್ದೇ ಏನೋ ಗೀಳು ಅಂತ ನಾವು ಸುಮ್ಮನಿದ್ದೆವು.

ಇಂಥವರ ಕೈಗೆ ನಾಯಿಗೆ ಶಾಕ್ ಕೊಡೋ ರಿಮೋಟ್ ಕೊಟ್ಟೆನಲ್ಲ, ನನ್ನ ಬುದ್ಧಿಗೆ ಏನು ಹೇಳೋಣ!

ನಮ್ಮ ಬೋಂಡ ಬೀದಿಯಿಂದ ಬಂದ ನಾಯಿ. ಗುಣದಲ್ಲಿ ಬಂಗಾರ. ಗೇಟು ತೆರೆದರೆ ಮಾತ್ರ ಮೇನ್ ರೋಡಿಗೆ ಒಂದೇ ಓಟ. ಊಟ ತರೋ ಸ್ಕೂಟರ್‌ಗಳನ್ನ ಪುಟ್ಟೇನಹಳ್ಳಿ ಕೆರೆ ತನಕ ಬೀಳ್ಕೊಟ್ಟು ಬರ್ತಿತ್ತು. ಕೊನೆಗೆ ಮನೆ ಓನರ್ ಆಂಟಿ ಮಹಡಿಯಿಂದ ಇಳಿದು ಬಂದರು.

"ಭಾನುವಾರದ ತನಕ ನೋಡ್ತೀನಿ. ಆಮೇಲೂ ಓಡಿದ್ರೆ ನಾಯಿನ ಎಲ್ಲಾದ್ರೂ ಬಿಟ್ಬನ್ನಿ."

ದೊಡ್ಡಪ್ಪನ ದೋಸೆಯಲ್ಲಿ ಅರ್ಧ ಯಾವತ್ತೂ ಬೋಂಡನ ಪಾಲು. ಅವತ್ತು ದೊಡ್ಡಪ್ಪ ತಮ್ಮ ಅರ್ಧವನ್ನೂ ಅದರ ಮುಂದಿಟ್ಟರು, ಬೋಂಡ ಪೂರ್ತಿ ತಿಂತು.

ನಾನು ಬೆಲ್ಟು ತರಿಸಿದೆ. ನಾಯಿ ಕತ್ತಿಗೆ ಬೆಲ್ಟು, ನಮ್ಮ ಕೈಗೆ ರಿಮೋಟು. ಗೇಟು ದಾಟಿದರೆ ಗುಂಡಿ ಒತ್ತೋದು, ಕತ್ತಿಗೆ ಚುರ್ ಅನ್ನತ್ತೆ, ನಾಯಿ ನಿಲ್ಲತ್ತೆ. ಹಗಲೆಲ್ಲ ನನಗೆ ಆಫೀಸು, ಆದ್ದರಿಂದ ತರಬೇತಿ ದೊಡ್ಡಪ್ಪನದು. ಮೊದಲ ದಿನ ಸಂಜೆ ವರದಿ ಕೇಳಿದೆ.

"ಹನ್ನೊಂದು ಸಲ ಓಡ್ತು."

"ಎಷ್ಟು ಸಲ ಒತ್ತಿದ್ರಿ?"

"ಒಂದ್ಸಲಾನೂ ಇಲ್ಲ. ಹಾಕ್ಲಾ ಅಂತ ಕೇಳ್ದೆ. ಅದು ಏನೂ ಹೇಳ್ಲಿಲ್ಲ."

"ದೊಡ್ಡಪ್ಪ, ಅದು ನಾಯಿ!"

"ಗೊತ್ತು. ಅದಕ್ಕೇ ಇನ್ನೊಂದ್ಸಲ ಕೇಳ್ದೆ."

"ಆಮೇಲೆ?"

"ಜೇಬಲ್ಲಿ ದೋಸೆ ಇತ್ತು. ತೋರ್ಸಿ ಕರ್ಕೊಂಡ್ಬಂದೆ."

ವಾರವಿಡೀ ಇದೇ ಕಥೆ. ರಿಮೋಟ್ ಎತ್ತಿ ಹಿಡಿದು, "ಬೋಂಡಾ, ಹಾಕ್ಲಾ?" ಅಂತ ಬೀದಿ ತುಂಬ ಕೂಗು. ತಡೆಯಲಾರದೆ ಸೊಪ್ಪು ಮಾರೋ ಅಕ್ಕ, "ಹಾಕಿ ಸ್ವಾಮಿ!" ಅಂದರಂತೆ.

"ನೀವಲ್ಲಮ್ಮ, ಬೆಲ್ಟು ಕಟ್ಕೊಂಡಿರೋರು ಹೇಳ್ಬೇಕು," ಅಂದರಂತೆ ದೊಡ್ಡಪ್ಪ.

ಭಾನುವಾರ ಬಂತು. ಓನರ್ ಆಂಟಿ ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂತರು. ನಾನು ದೊಡ್ಡಪ್ಪನ ಕೈಯಿಂದ ರಿಮೋಟ್ ಕಿತ್ತುಕೊಂಡು ಗೇಟು ತೆರೆದೆ. ಬೋಂಡ ಓಡಿತು. ಮೇನ್ ರೋಡಿನಲ್ಲಿ ನೀರಿನ ಟ್ಯಾಂಕರ್ ಬರ್ತಿತ್ತು! ಒತ್ತಿದೆ. ಮತ್ತೆ ಒತ್ತಿದೆ. ಊಹೂಂ, ಏನೂ ಆಗಲಿಲ್ಲ.

ಹಿಂದಿನಿಂದ ಕೂಗು ಬಂತು. "ಬೋಂಡಾ, ಹಾಕ್ಲಾ?"

ರಸ್ತೆಯಂಚಲ್ಲಿ ಬೋಂಡ ಗಕ್ಕನೆ ನಿಂತಿತು. ತಿರುಗಿ ನೋಡಿತು. ಬಾಲ ಅಲ್ಲಾಡಿಸಿಕೊಂಡು ದೋಸೆಗೆ ವಾಪಸ್ ಬಂತು. ಟ್ಯಾಂಕರ್ ಹೋಯಿತು.

"ಇರ್ಲಿ ಬಿಡಿ, ಇಲ್ಲೇ ಇರ್ಲಿ," ಅಂದರು ಮೇಲಿನಿಂದ ಆಂಟಿ.

ಬೋಂಡನ ಬೆಲ್ಟು ಹಿಡಿದು ತಿರುಗಿಸಿದೆ. ನೋಡಿದರೆ, ಆ ಬೆಲ್ಟನ್ನ ದೊಡ್ಡಪ್ಪ ಒಂದು ದಿನವೂ ಆನ್ ಮಾಡಿರಲಿಲ್ಲ! "ಒಂದು ಗುಂಡಿ ಒತ್ತೋಕೆ ಏನು ಕಷ್ಟ ನಿಮಗೆ?" ಅಂತ ರೇಗಿಬಿಟ್ಟೆ.

ಅವರು ಬೋಂಡನ ಕತ್ತಿನಿಂದ ಬೆಲ್ಟು ಬಿಚ್ಚುತ್ತಾ ಮೆಲ್ಲಗೆ ಹೇಳಿದರು. "ಒಂದ್ಸಲ ಯಾರನ್ನೂ ಕೇಳದೇನೇ ಲೈನಿಗೆ ಕರೆಂಟ್ ಹಾಕಿದ್ದೆ ಕಣೋ. ನನ್ನ ಜೊತೆಯವನು ಇಳ್ದಿದಾನೆ ಅಂದ್ಕೊಂಡಿದ್ದೆ. ಇನ್ನೂ ಕಂಬದ ಮೇಲಿದ್ದ."

"ಬದುಕಿದ್ರಾ?"

"ಇಲ್ಲ."

ಇಷ್ಟು ವರ್ಷ ಇದಕ್ಕೇ ನಕ್ಕಿದ್ದೆನಲ್ಲ ನಾನು!

ಸಂಜೆ ಹಾಲ್‌ನಿಂದ "ಹಾಕ್ಲಾ?" ಅಂತ ಕೇಳಿಸಿತು. ಎಂದಿನ ಹಾಗೆ ರೂಮಿನಿಂದಲೇ ಕೂಗಲಿಲ್ಲ. ಎದ್ದು ಹೋಗಿ ಅವರಿಗೆ ಕಾಣುವಂತೆ ನಿಂತೆ.

"ಹಾಕಿ ದೊಡ್ಡಪ್ಪ. ಎಲ್ರೂ ಕೆಳಗೇ ಇದೀವಿ."